ಮೇವು ಬದಲಿಸಿದರೆ ಗಬ್ಬ ನಿಲ್ಲುತ್ತಾ? ಕೊಟ್ಟಿಗೆಯಲ್ಲೇ ಪರೀಕ್ಷೆ ಮಾಡಿ ನೋಡುವ ಬಗೆ

"ಹೊಸ ಖನಿಜ ಮಿಶ್ರಣ ಶುರುಮಾಡಿದೆ, ಮುಂದಿನ ವಾರವೇ ಹಸು ಬೆದೆಗೆ ಬಂತು, ಗಬ್ಬವೂ ನಿಂತಿತು." ದನ ಸಾಕುವವರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾನೂ ಹೇಳಿದವನೇ. ಒಂದು ವರ್ಷ ಹೀಗೇ ಒಂದು ಮಿಶ್ರಣ ಕೊಟ್ಟು, ಮೂರ್ನಾಲ್ಕು ತಿಂಗಳಲ್ಲಿ ಗಬ್ಬದ ಲೆಕ್ಕ ಸುಧಾರಿಸಿದ್ದು ನೋಡಿ, ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಕೊಡಿ ಅಂತ ಹೇಳಿಕೊಂಡು ತಿರುಗಿದ್ದೆ. ಆಮೇಲೆ ಯಾವತ್ತೋ ಹಳೇ ಡೈರಿ ತಿರುವಿ ಹಾಕುವಾಗ ಕಣ್ಣಿಗೆ ಬಿತ್ತು. ಅದೇ ತಿಂಗಳು ಸೆಮೆನ್ ಹಾಕುವವರು ಬದಲಾಗಿದ್ದರು, ಬಿಸಿಲಿನ ಕಾಲ ಮುಗಿದಿತ್ತು, ಎರಡು ಮುದಿ ಹಸುಗಳನ್ನು ಹಿಂಡಿನಿಂದ ತೆಗೆದಿದ್ದೆ. ಈಗ ಹೇಳಿ, ಗಬ್ಬ ನಿಂತಿದ್ದು ಯಾವುದರಿಂದ? ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವ ಹಾಗೆ ನಾನು ಮಾಡಿರಲೇ ಇಲ್ಲ.

ಮೇವಿಗೂ ಗಬ್ಬಕ್ಕೂ ನಂಟಿದೆ, ಅದರಲ್ಲಿ ಅನುಮಾನ ಬೇಡ. ಆದರೆ "ಈ ಮೇವಿನಿಂದ ಇಷ್ಟು ಲಾಭ" ಅಂತ ಹೇಳಬೇಕಾದರೆ ಅಳೆದು ನೋಡಬೇಕು. ಹಸು, ಎಮ್ಮೆ, ಕುರಿ, ಮೇಕೆ ಯಾವುದೇ ಇರಲಿ, ಹಾಗೆ ಅಳೆಯುವುದು ಹೇಗೆ ಅಂತ ಹಂತ ಹಂತವಾಗಿ ಬರೆಯುತ್ತೇನೆ. ಪಶು ವಿಜ್ಞಾನ ಓದುತ್ತಿರುವವರಿಗೂ ಆಗುತ್ತದೆ, ಹಿಂಡು ಇಟ್ಟುಕೊಂಡವರಿಗೂ ಆಗುತ್ತದೆ.

ಹಂತ 1: ಮೊದಲು ಗಡಿಯಾರ ಅರ್ಥ ಮಾಡಿಕೊಳ್ಳಿ

ಇವತ್ತು ಬೆದೆಗೆ ಬಂದ ಹಸುವಿನ ಅಂಡಾಣು ಇವತ್ತು ಹುಟ್ಟಿದ್ದಲ್ಲ. ಅಂಡಾಶಯದ ಮೇಲೆ ನೀರುಗುಳ್ಳೆಯ ಹಾಗೆ ಕಾಣುವ ಫಾಲಿಕಲ್‌ನ ಒಳಗೆ ಅದು ಇರುತ್ತದೆ. ಆ ಫಾಲಿಕಲ್ ಬೆಳೆಯಲು ಶುರುವಾಗಿ ಒಡೆಯುವ ಹಂತಕ್ಕೆ ಬರಲು ಎರಡು ಮೂರು ತಿಂಗಳು ಬೇಕು. ಅಮೆರಿಕದ ವಿಜ್ಞಾನಿ ಜ್ಯಾಕ್ ಬ್ರಿಟ್ 1990ರ ದಶಕದ ಮೊದಲಲ್ಲೇ ಈ ಎಳೆ ಹಿಡಿದು ಒಂದು ವಾದ ಮುಂದಿಟ್ಟರು. ಈದ ಮೊದಲ ವಾರಗಳಲ್ಲಿ ಹಸು ಸೊರಗಿದರೆ, ಆಗ ಬೆಳೆಯುತ್ತಿದ್ದ ಫಾಲಿಕಲ್‌ಗಳಿಗೆ ಪೆಟ್ಟು ಬೀಳುತ್ತದೆ, ಆ ಪೆಟ್ಟು ಕಾಣಿಸಿಕೊಳ್ಳುವುದು 60-80 ದಿನ ಕಳೆದು ಸೆಮೆನ್ ಹಾಕಿಸುವಾಗ. ಅಷ್ಟು ಹೊತ್ತಿಗೆ ಹಸು ಮೈ ತುಂಬಿಕೊಂಡು ಚೆನ್ನಾಗೇ ಕಾಣುತ್ತಿರುತ್ತದೆ. "ಇಷ್ಟು ಚೆನ್ನಾಗಿ ತಿನ್ನುತ್ತಿದೆ, ಯಾಕೆ ನಿಲ್ಲುತ್ತಿಲ್ಲ" ಅಂತ ನಾವು ಇವತ್ತಿನ ತೊಟ್ಟಿ ನೋಡುತ್ತೇವೆ. ನೋಡಬೇಕಾಗಿದ್ದು ಎರಡು ತಿಂಗಳ ಹಿಂದಿನ ತೊಟ್ಟಿ.

ಈದ ಮೇಲೆ ಸೊರಗುವುದು ಯಾಕೆ? ಹಾಲು 4ರಿಂದ 8 ವಾರದೊಳಗೆ ಏರಿ ನಿಲ್ಲುತ್ತದೆ. ಹೊಟ್ಟೆ ತುಂಬ ತಿನ್ನುವ ಶಕ್ತಿ ಬರುವುದು 10-12 ವಾರಕ್ಕೆ. ನಡುವಿನ ಕೊರತೆಯನ್ನು ಹಸು ಮೈಯ ಕೊಬ್ಬು ಕರಗಿಸಿ ತುಂಬಿಕೊಳ್ಳುತ್ತದೆ. ರಕ್ತದಲ್ಲಿ ಗ್ಲೂಕೋಸ್, ಇನ್ಸುಲಿನ್ ಕಡಿಮೆ ಆಗುತ್ತವೆ. ಫಾಲಿಕಲ್ ಬಲಿತು ಒಡೆಯುವ ಹಾಗೆ ಮಾಡುವ ಎಲ್‌ಎಚ್ ಹಾರ್ಮೋನು ಮಿದುಳಿನ ಕಡೆಯಿಂದ ಬಿಟ್ಟು ಬಿಟ್ಟು ಮಿಡಿಯುತ್ತಿರಬೇಕು, ಆ ಮಿಡಿತ ನಿಧಾನ ಆಗುತ್ತದೆ. ಫಾಲಿಕಲ್ ಬೆಳೆದರೂ ಒಡೆಯುವುದಿಲ್ಲ. ಬೆದೆಯೂ ಕಾಣುವುದಿಲ್ಲ.

ಗಂಡಿನ ಗಡಿಯಾರವೂ ನಿಧಾನವೇ. ಟಗರಿನ ವೀರ್ಯಾಣು ತಯಾರಾಗಲು ಸುಮಾರು 7 ವಾರ, ಹೊರಗೆ ಬರಲು ಇನ್ನೊಂದೆರಡು ವಾರ. ಹೋರಿಗೆ ಸುಮಾರು 61 ದಿನ, ಅದರ ಮೇಲೆ ನಾಳದ ಪ್ರಯಾಣ ಬೇರೆ. ಅಂದರೆ ಹಿಂಡಿಗೆ ಬಿಡುವ ಹಿಂದಿನ ವಾರ ಹಿಂಡಿ ತಿನ್ನಿಸಿ ಉಪಯೋಗವಿಲ್ಲ. ಎರಡು ತಿಂಗಳು ಮುಂಚೆಯೇ ಶುರುಮಾಡಬೇಕು.

ಎಲ್ಲ ಗಡಿಯಾರವೂ ಹೀಗೆ ನಿಧಾನ ಅಂತಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕುರಿಗಳಿಗೆ ಲೂಪಿನ್ ಕಾಳು ತಿನ್ನಿಸಿ ನೋಡಿದಾಗ, ಬೆದೆಗೆ ಮುಂಚಿನ ಕೆಲವೇ ದಿನ ಕೊಟ್ಟರೂ ಒಡೆಯುವ ಅಂಡಾಣುಗಳ ಸಂಖ್ಯೆ ಏರಿತು. ಅವಳಿ ಮರಿ ಜಾಸ್ತಿ ಆಗುವುದು ಇದರಿಂದಲೇ. ಹಾಗಾಗಿ ಪರೀಕ್ಷೆ ಎಷ್ಟು ದಿನ ನಡೆಸಬೇಕು ಅನ್ನುವುದು ನೀವು ಯಾವ ಗಡಿಯಾರ ಮುಟ್ಟುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಕುರಿಯ ಅಂಡಾಣು ಸಂಖ್ಯೆ ನೋಡಲು 3 ವಾರ ಸಾಕು. ಹಾಲು ಕೊಡುವ ಹಸುವಿನ ಗಬ್ಬ ನೋಡಬೇಕೆಂದರೆ ಈಯುವ 3 ವಾರ ಮುಂಚಿನಿಂದ ಹಿಡಿದು ಈದು 3-4 ತಿಂಗಳ ತನಕ ಕಾಯಬೇಕು.

ಹಂತ 2: ಒಂದೇ ಪ್ರಶ್ನೆ, ಒಂದೇ ಬದಲಾವಣೆ

"ಒಳ್ಳೇ ಮೇವು ಕೊಟ್ಟರೆ ಏನಾಗುತ್ತದೆ" ಅನ್ನುವುದು ಪ್ರಶ್ನೆ ಅಲ್ಲ, ಆಸೆ. ಪ್ರಶ್ನೆ ಹೀಗಿರಬೇಕು: ಈಯುವ 21 ದಿನ ಮುಂಚಿನಿಂದ ಈದ 21 ದಿನದ ತನಕ ಧಾನ್ಯ 1 ಕಿಲೋ ಹೆಚ್ಚು ಕೊಟ್ಟರೆ ಹಸು ಬೇಗ ಬೆದೆಗೆ ಬರುತ್ತಾ?

ಇಲ್ಲಿ ತುಂಬ ಜನ ಜಾರಿ ಬೀಳುವ ಜಾಗವೊಂದಿದೆ. ಒಂದು ಗುಂಪಿಗೆ ದಿನಕ್ಕೆ 1 ಕಿಲೋ ಹಿಂಡಿ ಜಾಸ್ತಿ ಕೊಟ್ಟಿರಿ, ಇನ್ನೊಂದಕ್ಕೆ ಕೊಡಲಿಲ್ಲ. ಫಲಿತಾಂಶ ಚೆನ್ನಾಗಿ ಬಂತು. "ಪ್ರೋಟೀನ್‌ನಿಂದ ಆಯಿತು" ಅನ್ನಬಹುದಾ? ಆಗಲ್ಲ. ಹಿಂಡಿಯಲ್ಲಿ ಪ್ರೋಟೀನ್ ಇರುವ ಹಾಗೇ ಶಕ್ತಿಯೂ ಇದೆ, ರಂಜಕವೂ ಇದೆ. ಆ ಹಸುಗಳು ಒಟ್ಟಾರೆ ಹೆಚ್ಚು ತಿಂದಿವೆ ಅಷ್ಟೇ. ಪ್ರೋಟೀನ್ ಬಗ್ಗೆಯೇ ಕೇಳಬೇಕಿದ್ದರೆ ಇನ್ನೊಂದು ಗುಂಪಿಗೆ ಅಷ್ಟೇ ಶಕ್ತಿ ಕೊಡುವ ಧಾನ್ಯದ ಪುಡಿ ಕೊಡಬೇಕು. ಕೊಬ್ಬಿನ ಪೂರಕ ಪರೀಕ್ಷಿಸುವಾಗಲೂ ಹೀಗೇ. ಎರಡೂ ತೊಟ್ಟಿಯ ಶಕ್ತಿ ಸಮ ಇರಲಿ, ಅದು ಬರುವ ಮೂಲ ಮಾತ್ರ ಬೇರೆ ಇರಲಿ.

ಹೋಲಿಕೆಗೆ ಇಟ್ಟ ಗುಂಪನ್ನು ಉಪವಾಸ ಕೆಡವಬೇಡಿ. ಅದಕ್ಕೆ ನೀವು ಈಗಾಗಲೇ ಕೊಡುತ್ತಿರುವ ಸರಿಯಾದ ಮೇವು ಸಿಗಬೇಕು. ಸಂಸ್ಥೆಯೊಳಗೆ ಮಾಡುವ ಸಂಶೋಧನೆ ಆಗಿದ್ದರೆ ಪ್ರಾಣಿಗಳ ಮೇಲಿನ ಪ್ರಯೋಗ ನೋಡಿಕೊಳ್ಳುವ ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಮೇವು ಆಮೇಲೆ.

ಹಂತ 3: ಏನು ಅಳೆಯುತ್ತೀರಿ? ಹತ್ತು ನಾಣ್ಯ ತಗೊಳ್ಳಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುವುದಿದ್ದರೆ ಇದನ್ನು ಓದಿ.

ಹತ್ತು ನಾಣ್ಯ ಎಸೆಯಿರಿ, ತಲೆ ಎಷ್ಟು ಬಿತ್ತು ಬರೆದುಕೊಳ್ಳಿ. ಇನ್ನೊಂದು ಸಲ ಹತ್ತು ಎಸೆಯಿರಿ. ಎರಡು ಲೆಕ್ಕಗಳ ನಡುವೆ 2 ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರುವ ಸಾಧ್ಯತೆ ಎಷ್ಟು ಗೊತ್ತಾ? ಶೇ. 50. ನಾಣ್ಯಗಳು ಅವೇ, ಯಾರೂ ಏನೂ ತಿನ್ನಿಸಿಲ್ಲ, ಆದರೂ ಎರಡು ಸಲಕ್ಕೊಮ್ಮೆ ಇಷ್ಟು ವ್ಯತ್ಯಾಸ ಬರುತ್ತದೆ. ಈಗ ನಾಣ್ಯದ ಜಾಗದಲ್ಲಿ ಹಸು ಇಡಿ. ಹಳೇ ಮೇವಿನ ಹತ್ತರಲ್ಲಿ 4 ಗಬ್ಬ, ಹೊಸ ಮೇವಿನ ಹತ್ತರಲ್ಲಿ 6 ಗಬ್ಬ. ನಾವು ಇದನ್ನು ನೋಡಿ ಮೀಸೆ ತಿರುವುತ್ತೇವೆ. ನಾಣ್ಯವೂ ಇದನ್ನೇ ಮಾಡುತ್ತಿತ್ತು ಅಲ್ವಾ?

ಲೆಕ್ಕ ಹಾಕಿದರೆ, ಗಬ್ಬದ ಪ್ರಮಾಣ ಶೇ. 40ರಿಂದ 50ಕ್ಕೆ ನಿಜವಾಗಿಯೂ ಏರಿದ್ದನ್ನು ಐದರಲ್ಲಿ ನಾಲ್ಕು ಸಲವಾದರೂ ಹಿಡಿಯಬೇಕೆಂದರೆ ಗುಂಪಿಗೆ 385ರಷ್ಟು ಹಸು ಬೇಕು. ಎರಡು ಗುಂಪಿಗೆ 770. ಗಾಬರಿಯಾಗಬೇಡಿ. ಗಬ್ಬ ಅನ್ನುವುದು ಹೌದು-ಇಲ್ಲ ಎಂಬ ಉತ್ತರ, ಅದರಲ್ಲಿ ಒಂದು ಹಸುವಿನಿಂದ ಸಿಗುವ ಮಾಹಿತಿ ತುಂಬ ಕಡಿಮೆ. ಚಿಕ್ಕ ಹಿಂಡಿನಲ್ಲಿ ಗಬ್ಬಕ್ಕೆ ಹೋಗುವ ದಾರಿಯ ಮೇಲಿನ ಗುರುತುಗಳನ್ನು ಅಳೆಯಿರಿ. ಈದು ಎಷ್ಟು ದಿನಕ್ಕೆ ಮೊದಲ ಬೆದೆ, ಮೈಕಟ್ಟು ಎಷ್ಟು ಇಳಿಯಿತು (ಅದಕ್ಕೆ ಅಂಕ ಕೊಡುವ ಬಗೆ ಹಂತ 4ರಲ್ಲಿದೆ), ಮೈಯ ಕೊಬ್ಬು ಕರಗುವಾಗ ರಕ್ತಕ್ಕೆ ಸೇರುವ ಕೀಟೋನ್ ಎಷ್ಟು, ಹಾಲಿನ ಯೂರಿಯಾ ಎಷ್ಟು. ಇವು ಅಂಕಿಯಲ್ಲಿ ಸಿಗುತ್ತವೆ. ಉದಾಹರಣೆಗೆ ಮೈಕಟ್ಟಿನ ಅಂಕದಲ್ಲಿ ಹಸುವಿನಿಂದ ಹಸುವಿಗೆ ಇರುವ ಏರುಪೇರು 0.3 ಅಂತ ಇಟ್ಟುಕೊಂಡರೆ, ಕಾಲು ಅಂಕದ ವ್ಯತ್ಯಾಸ ಹಿಡಿಯಲು ಗುಂಪಿಗೆ 23 ಹಸು ಸಾಕು.

ಕೀಟೋನ್ ಅಳೆಯಲು ಕೈಯಲ್ಲಿ ಹಿಡಿಯುವ ಮೀಟರ್ ಬಂದಿದೆ. ಈದ 3ನೇ ದಿನದಿಂದ 14ನೇ ದಿನದ ನಡುವೆ ಒಂದು ಹನಿ ರಕ್ತ. ಮೀಟರ್ ತೋರಿಸುವ ಕೀಟೋನ್, ಅಂದರೆ ಬಿಎಚ್‌ಬಿ, ಲೀಟರಿಗೆ 1.2 ಮಿಲಿಮೋಲ್ ದಾಟಿದರೆ ಒಳಗೊಳಗೇ ಕೀಟೋಸಿಸ್ (ಕೀಟೋನ್ ಮಿತಿಮೀರುವ ಕಾಯಿಲೆ) ಶುರುವಾಗಿದೆ ಅಂತ ಲೆಕ್ಕ.

ಹಾಲಿನ ಯೂರಿಯಾ ವರದಿಯಲ್ಲಿ ಒಂದು ಬಲೆ ಇದೆ. ಕೆಲವು ಪ್ರಯೋಗಾಲಯ "ಹಾಲಿನ ಯೂರಿಯಾ ಸಾರಜನಕ" ಕೊಡುತ್ತವೆ, ಕೆಲವು "ಹಾಲಿನ ಯೂರಿಯಾ" ಕೊಡುತ್ತವೆ. ಮೊದಲನೆಯದನ್ನು 2.14ರಿಂದ ಗುಣಿಸಿದರೆ ಎರಡನೆಯದು. ಸಾರಜನಕದ ಲೆಕ್ಕದಲ್ಲಿ 100 ಮಿ.ಲೀ.ಗೆ 15 ಮಿ.ಗ್ರಾಂ ಇದ್ದದ್ದು ಯೂರಿಯಾ ಲೆಕ್ಕದಲ್ಲಿ 32 ಆಗುತ್ತದೆ. ಇದು ಗೊತ್ತಿಲ್ಲದೆ ಎರಡು ಕಡೆಯ ವರದಿ ಪಕ್ಕಪಕ್ಕ ಇಟ್ಟು ತಲೆ ಕೆಡಿಸಿಕೊಂಡವರಿದ್ದಾರೆ. ಸಾರಜನಕದ ಲೆಕ್ಕದಲ್ಲಿ 19-20 ದಾಟಿದ ಹಸುಗಳಲ್ಲಿ ಗಬ್ಬ ನಿಲ್ಲುವುದು ಕಡಿಮೆ ಅಂತ ಹಲವು ಅಧ್ಯಯನಗಳು ಕಂಡಿವೆ. ಹೊಟ್ಟೆಯಲ್ಲಿ ಬೇಗ ಕರಗುವ ಪ್ರೋಟೀನ್ ಜಾಸ್ತಿ ಆಗಿ, ಅದನ್ನು ಬಳಸಿಕೊಳ್ಳಲು ಬೇಕಾದ ಪಿಷ್ಟ ಸಾಲದೆ ಹೋದಾಗ ಹೀಗಾಗುತ್ತದೆ. ಎಳೇ ಹಸಿರು ಮೇವನ್ನು ಒಮ್ಮೆಲೇ ರಾಶಿ ಸುರಿದಾಗಲೂ ಅಷ್ಟೇ.

ಹಂತ 4: ಕಣ್ಣಲ್ಲ, ಕೈ

1961ರಲ್ಲಿ ಟಾಸ್ಮೇನಿಯಾದ ಜೆಫ್ರೀಸ್ ಎಂಬವರು ಕುರಿಗಳ ಮೈಕಟ್ಟಿಗೆ ಅಂಕ ಕೊಡುವ ಕ್ರಮ ಬರೆದರು. ಕುರಿಗೆ ಉಣ್ಣೆ ಇರುವುದರಿಂದ ಕಣ್ಣಿಗೆ ಏನೂ ತಿಳಿಯುವುದಿಲ್ಲ, ಕೈಯಿಂದಲೇ ಮುಟ್ಟಿ ನೋಡಬೇಕು. ಉಣ್ಣೆ ಇಲ್ಲದ ಹಸುವಿಗೂ ಕೈ ಹಾಕುವುದೇ ಒಳ್ಳೆಯದು.

ಕುರಿಯನ್ನು ನೇರ ನಿಲ್ಲಿಸಿ. ಒತ್ತಿ ಹಿಡಿದು ಮೈ ಬಿಗಿ ಮಾಡಬೇಡಿ. ಕೊನೆಯ ಪಕ್ಕೆಲುಬಿನ ಹಿಂದೆ ಸೊಂಟದ ಮೇಲೆ ಅಂಗೈ ಇಡಿ. ಹೆಬ್ಬೆರಳು ಬೆನ್ನೆಲುಬಿನ ಮೇಲೆ, ಉಳಿದ ಬೆರಳು ಪಕ್ಕಕ್ಕೆ ಚಾಚಿದ ಮೂಳೆಗಳ ತುದಿಯ ಮೇಲೆ. ತುದಿಗಳು ಬಾಚಣಿಗೆ ಹಲ್ಲಿನ ಹಾಗೆ ಒಂದೊಂದಾಗಿ ಚುಚ್ಚಿದರೆ 1ರ ಹತ್ತಿರ. ತುದಿ ಗುಂಡಗಾಗಿದೆ, ಸ್ವಲ್ಪ ಒತ್ತಿದರೆ ಬೆರಳು ಕೆಳಗೆ ಹೋಗುತ್ತದೆ ಅಂದರೆ 2. ಗಟ್ಟಿಯಾಗಿ ಒತ್ತಿದರೆ ಮಾತ್ರ ಮೂಳೆ ತಿಳಿಯುತ್ತದೆ, ಬೆನ್ನ ಪಕ್ಕದ ಮಾಂಸ ತುಂಬಿದೆ ಅಂದರೆ 3. ಬೆನ್ನೆಲುಬು ಬರೀ ಗೆರೆಯ ಹಾಗೆ ಸಿಕ್ಕಿ, ಪಕ್ಕದ ಮೂಳೆಯ ತುದಿ ಸಿಗದೇ ಹೋದರೆ 4. ಬೆನ್ನೆಲುಬೂ ಸಿಗದೆ ಅಲ್ಲಿ ಹಳ್ಳ ಬಿದ್ದಿದ್ದರೆ 5.

ಹಸುವಿನಲ್ಲಿ ಸೊಂಟದ ಜೊತೆಗೆ ಬಾಲದ ಬುಡದ ಗುಳಿ, ಪೃಷ್ಠದ ಎರಡು ಮೂಳೆ ನೋಡಿ. 1ರಿಂದ 5ರ ಅಳತೆಯಲ್ಲಿ ಹಾಲಿನ ಹಸು ಈಯುವಾಗ 3ರಿಂದ 3.5ರ ನಡುವೆ ಇರಬೇಕು. ಈದ ಮೇಲೆ ಅರ್ಧ ಅಂಕಕ್ಕಿಂತ ಹೆಚ್ಚು ಇಳಿಯಬಾರದು. ಒಂದು ಅಂಕ ಇಳಿಯಿತೆಂದರೆ ಗಬ್ಬದ ಆಸೆ ಸ್ವಲ್ಪ ಬಿಡಿ. ಇನ್ನೊಂದು ತಪ್ಪು ತಿಳುವಳಿಕೆ ಇದೆ. ಈಯುವ ಮುಂಚೆ ಚೆನ್ನಾಗಿ ಕೊಬ್ಬಿಸಿಬಿಟ್ಟರೆ ಆಮೇಲೆ ಸೊರಗಿದರೂ ನಡೆಯುತ್ತದೆ ಅಂತ. ಆಗುವುದು ಉಲ್ಟಾ. 4 ದಾಟಿದ ಹಸು ಈದ ಮೇಲೆ ಕಡಿಮೆ ತಿನ್ನುತ್ತದೆ, ಹೆಚ್ಚು ಕರಗುತ್ತದೆ.

ಅಂಕ ಕೊಡುವವರು ಪರೀಕ್ಷೆಯ ಉದ್ದಕ್ಕೂ ಒಬ್ಬರೇ ಇರಲಿ. ಯಾವ ಹಸು ಯಾವ ಗುಂಪು ಅಂತ ಅವರಿಗೆ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೇದು. ಗೊತ್ತಿದ್ದರೆ ಕೈ ಸುಳ್ಳು ಹೇಳಲು ಶುರುಮಾಡುತ್ತದೆ, ಬೇಕಂತಲ್ಲ, ತಾನಾಗೇ.

ಹಂತ 5: ಮೇವು ತೂಗಿ, ನೀರು ಕಳೆಯಿರಿ

"ದಿನಾ ಎರಡು ಹೊರೆ ಹಾಕುತ್ತೇನೆ" ಅನ್ನುವುದು ಅಳತೆ ಅಲ್ಲ. ಹಸಿರು ಮೇವಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರಬಹುದು. ಲೆಕ್ಕಕ್ಕೆ ಬೇಕಾದದ್ದು ನೀರು ಕಳೆದು ಉಳಿಯುವ ಒಣ ಅಂಶ.

ಅಳೆಯುವುದು ಸುಲಭ. ಮೇವನ್ನು ಸಣ್ಣಗೆ ಕತ್ತರಿಸಿ 100 ಗ್ರಾಂ ತೂಗಿ. ತಟ್ಟೆಯ ಮೇಲೆ ಹರಡಿ ಮೈಕ್ರೋವೇವ್ ಒಳಗಿಡಿ, ಮೂಲೆಯಲ್ಲಿ ಒಂದು ಲೋಟ ನೀರು ಇಡಿ, ಇಲ್ಲದಿದ್ದರೆ ಕೊನೆಕೊನೆಗೆ ಮೇವಿಗೆ ಬೆಂಕಿ ಹತ್ತಬಹುದು. 3-4 ನಿಮಿಷ ಓಡಿಸಿ, ತೆಗೆದು ತೂಗಿ, ಮಗುಚಿ, ಇನ್ನೊಂದು ನಿಮಿಷ, ಮತ್ತೆ ತೂಗಿ. ತೂಕ ಇಳಿಯುವುದು ನಿಂತಾಗ ಉಳಿದ ಗ್ರಾಂ ಎಷ್ಟೋ ಅಷ್ಟು ಶೇಕಡಾ ಒಣ ಅಂಶ. ಮನೆಯ ಅಡುಗೆಯ ಮೈಕ್ರೋವೇವ್ ಬಳಸಿದರೆ ವಾರ ಪೂರ್ತಿ ಹುಲ್ಲಿನ ವಾಸನೆ ಹೋಗಲ್ಲ. ಬೈಗುಳ ತಿಂದವನ ಮಾತು ಇದು, ಹಳೇದೊಂದು ಬೇರೆ ಇಟ್ಟುಕೊಳ್ಳಿ.

ಈಗ ಲೆಕ್ಕ ನೋಡಿ. 450 ಕಿಲೋದ ಒಂದು ಹಸುವಿಗೆ 30 ಕಿಲೋ ಹಸಿರು ಮೇವು, ಒಣ ಅಂಶ ಶೇ. 22, ಅಂದರೆ 6.6 ಕಿಲೋ. 5 ಕಿಲೋ ಒಣಹುಲ್ಲು ಶೇ. 90ರಂತೆ 4.5 ಕಿಲೋ. 4 ಕಿಲೋ ಪಶು ಆಹಾರ ಶೇ. 90ರಂತೆ 3.6 ಕಿಲೋ. ಒಟ್ಟು 14.7 ಕಿಲೋ, ಮೈತೂಕದ ಶೇ. 3.3ರಷ್ಟು. ಈಗ ಮಳೆ ಬಂತು, ಅದೇ ಹಸಿರು ಮೇವಿನ ಒಣ ಅಂಶ ಶೇ. 16ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಹೊರೆ ಅದೇ, ತಕ್ಕಡಿಯಲ್ಲಿ 30 ಕಿಲೋ ಅದೇ, ಆದರೆ ಒಣ ಅಂಶ 4.8 ಕಿಲೋ. ದಿನಕ್ಕೆ 1.8 ಕಿಲೋ ಖೋತಾ, ಯಾರಿಗೂ ಗೊತ್ತೇ ಆಗಲ್ಲ. ನೀವು ಪರೀಕ್ಷಿಸುತ್ತಿರುವ 50 ಗ್ರಾಂ ಮಿಶ್ರಣದ ಪ್ರಭಾವವನ್ನು ಈ ಒಂದು ಮಳೆ ನುಂಗಿ ಹಾಕುತ್ತದೆ. ಹಾಗಾಗಿ ವಾರಕ್ಕೊಮ್ಮೆ ಒಣ ಅಂಶ ನೋಡಿ, ಮಳೆ ಬಂದರೆ ಅವತ್ತೇ ನೋಡಿ. ಬೆಳಗ್ಗೆ ತೊಟ್ಟಿಯಲ್ಲಿ ಉಳಿದದ್ದನ್ನೂ ತೂಗಿ ಕಳೆಯಿರಿ. ಹಾಕಿದ್ದು ಬೇರೆ, ತಿಂದದ್ದು ಬೇರೆ.

ಹಂತ 6: ಗುಂಪು ಮಾಡುವುದು ಚೀಟಿ ಎತ್ತಿ

ಒಂದೇ ಥರದ ಎರಡೆರಡು ಪ್ರಾಣಿಗಳನ್ನು ಜೋಡಿ ಮಾಡಿ. ಎಷ್ಟನೇ ಸೂಲು, ಹಾಲು ಎಷ್ಟು, ಮೈಕಟ್ಟು ಎಷ್ಟು, ಈಯುವ ದಿನ ಯಾವಾಗ, ಇವು ಹತ್ತಿರ ಹತ್ತಿರ ಇರಬೇಕು. ಪ್ರತಿ ಜೋಡಿಯಲ್ಲೂ ಯಾವುದಕ್ಕೆ ಹೊಸ ಮೇವು ಅಂತ ಚೀಟಿ ಎತ್ತಿ ತೀರ್ಮಾನಿಸಿ. "ಇದು ಪಾಪ ಬಡಕಲಾಗಿದೆ, ಇದಕ್ಕೇ ಕೊಡೋಣ" ಅಂದಿರೋ, ಅಲ್ಲಿಗೆ ಪರೀಕ್ಷೆ ಮುಗಿಯಿತು. ಹೋದ ವರ್ಷದ ಲೆಕ್ಕದ ಜೊತೆ ಈ ವರ್ಷದ್ದನ್ನು ಹೋಲಿಸುವುದೂ ಬೇಡ. ನಾನು ಮಾಡಿದ ತಪ್ಪು ಅದೇ.

ಇನ್ನೊಂದು ವಿಷಯ, ಓದಿದವರೂ ಎಡವುವ ಜಾಗ. ಹತ್ತು ಕುರಿ ಒಂದೇ ತೊಟ್ಟಿಯಲ್ಲಿ ತಿಂದರೆ ನಿಮ್ಮ ಬಳಿ ಹತ್ತು ಫಲಿತಾಂಶ ಇಲ್ಲ, ಒಂದೇ ಇದೆ. ಜೋರಿನ ಕುರಿ ಎರಡು ಪಾಲು ತಿನ್ನುತ್ತದೆ, ಬಡಪಾಯಿಗೆ ತಳದ ಪುಡಿ. ಆ ತೊಟ್ಟಿಯ ಹತ್ತಿರ ನೀರು ಚೆನ್ನಾಗಿತ್ತೋ, ನೆರಳಿತ್ತೋ, ಅದೂ ಲೆಕ್ಕದೊಳಗೆ ಸೇರಿಬಿಡುತ್ತದೆ. ಕಟ್ಟಿ ಬೇರೆ ಬೇರೆ ತಿನ್ನಿಸಿದರೆ ಪ್ರಾಣಿಯೇ ಒಂದು ಘಟಕ. ಒಟ್ಟಿಗೆ ತಿನ್ನಿಸಿದರೆ ದೊಡ್ಡಿಯೇ ಒಂದು ಘಟಕ, ಆಗ ಎರಡು ದೊಡ್ಡಿ ಸಾಲದು, ಎರಡೂ ಕಡೆ ಹಲವು ದೊಡ್ಡಿ ಬೇಕು. ಈ ವಿಷಯದಲ್ಲಿ ಹಸು ಒಂದೊಂದಾಗಿ ಕಟ್ಟುವ ಚಿಕ್ಕ ಕೊಟ್ಟಿಗೆಯೇ ಮೇಲು.

ಹಂತ 7: ಮೇವು ಶುರುಮಾಡುವುದು

ನಿಧಾನಕ್ಕೆ. ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು 10-14 ದಿನ ಕೊಡಿ. ಒಮ್ಮೆಲೇ ಧಾನ್ಯ ಸುರಿದರೆ ಹೊಟ್ಟೆ ಹುಳಿಯಾಗಿ ಮೆಲುಕು ನಿಲ್ಲುತ್ತದೆ. ಆ ಎರಡು ವಾರದ ಅಂಕಿ ಲೆಕ್ಕಕ್ಕೆ ಸೇರಿಸಬೇಡಿ. ಪರೀಕ್ಷೆಯ ಲೆಕ್ಕ ಶುರುವಾಗುವ ಹೊತ್ತಿಗೆ ಈ ದಿನಗಳು ಮುಗಿದಿರುವ ಹಾಗೆ ಮುಂಚೆಯೇ ಆರಂಭಿಸಿ.

ಖನಿಜ ಪರೀಕ್ಷಿಸುವವರಿಗೆ ಎರಡು ಎಚ್ಚರಿಕೆ. ಹಸುವಿನ ಖನಿಜ ಮಿಶ್ರಣ ಕುರಿಗೆ ಹಾಕಬೇಡಿ. ಹಸುವಿಗೆ ಬೇಕಾದಷ್ಟು ತಾಮ್ರ ಕುರಿಗೆ ವಿಷ. ಅದು ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಸುಮ್ನೆ ಕೂತಿದ್ದು, ಒಂದು ದಿನ ಒಮ್ಮೆಲೇ ರಕ್ತಕ್ಕೆ ಬಿದ್ದು ಕುರಿ ಸಾಯುತ್ತದೆ. ಎರಡನೆಯದು ಸೆಲೆನಿಯಂ. ಮಾಸು ಬೀಳದಿರುವುದು ಇದರ ಮತ್ತು ವಿಟಮಿನ್ ಇ ಕೊರತೆಯಿಂದಲೂ ಆಗುತ್ತದೆ ನಿಜ. ಆದರೆ ಇಡೀ ದಿನದ ಮೇವಿನ ಒಣ ಅಂಶದಲ್ಲಿ ಬೇಕಾದದ್ದು ಕಿಲೋಗೆ 0.3 ಮಿ.ಗ್ರಾಂ ಅಷ್ಟೇ, ಕೈಯಳತೆಗೆ ಸಿಗುವ ಪ್ರಮಾಣ ಅಲ್ಲ ಅದು. ಪಶುವೈದ್ಯರನ್ನು ಕೇಳದೆ ಮುಟ್ಟಬೇಡಿ. ಇನ್ನು ತಾಮ್ರ ಕಡಿಮೆ ಇದೆ ಅಂತ ಕಂಡರೆ ತಾಮ್ರ ಹಾಕುವ ಮುಂಚೆ ಮಾಲಿಬ್ಡಿನಮ್, ಗಂಧಕ ಎಷ್ಟಿದೆ ನೋಡಿ. ಅವೆರಡೂ ಜಾಸ್ತಿ ಇದ್ದರೆ ಹೊಟ್ಟೆಯೊಳಗೇ ತಾಮ್ರವನ್ನು ಹಿಡಿದಿಟ್ಟುಬಿಡುತ್ತವೆ, ಮೈಗೆ ದಕ್ಕುವುದಿಲ್ಲ.

ಮೇವಿನ ಜಾತಿಯ ಬಗ್ಗೆಯೂ ಒಂದು ಮಾತು. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹುಲುಸಾದ ಕ್ಲೋವರ್ ಮೇಯುತ್ತಿದ್ದ ಕುರಿಗಳು ಬಂಜೆಯಾದವು. ಆ ಸೊಪ್ಪಿನಲ್ಲಿ ಹೆಣ್ಣು ಹಾರ್ಮೋನಿನಂತೆ ವರ್ತಿಸುವ ವಸ್ತು ಇತ್ತು. ಕುರಿಗಳು ದಷ್ಟಪುಷ್ಟವಾಗಿದ್ದವು, ಮರಿ ಮಾತ್ರ ಇಲ್ಲ. ಮೈ ತುಂಬಿದ ಪ್ರಾಣಿ ಗಬ್ಬಕ್ಕೆ ತಯಾರಾಗಿದೆ ಅಂತ ಭಾವಿಸುವಾಗ ಈ ಕಥೆ ನೆನಪಿರಲಿ.

ಹಂತ 8: ಬೆದೆ, ಸೆಮೆನ್

ಹಸು, ಎಮ್ಮೆ, ಮೇಕೆಗೆ ಸುಮಾರು 21 ದಿನಕ್ಕೊಮ್ಮೆ ಬೆದೆ, ಕುರಿಗೆ 17 ದಿನಕ್ಕೊಮ್ಮೆ. ದಿನಕ್ಕೆ ಮೂರು ಸಲ, ಪ್ರತಿ ಸಲ 20-30 ನಿಮಿಷ ನಿಂತು ನೋಡಿ. ಹಾಲು ಕರೆಯುತ್ತಾ ಓರೆಗಣ್ಣಲ್ಲಿ ನೋಡಿದ್ದು ನೋಡಿದ ಹಾಗಲ್ಲ. ಇನ್ನೊಂದು ಹಸು ಮೇಲೆ ಹತ್ತಿದಾಗ ಓಡದೆ ನಿಂತರೆ ಅದೇ ಗಟ್ಟಿ ಗುರುತು. ಲೋಳೆ, ಕೂಗು, ಹಾಲು ಇಳಿಯುವುದು ಇವೆಲ್ಲ ಪೋಷಕ ಸಾಕ್ಷಿ. ಎಮ್ಮೆ ಇದರಲ್ಲಿ ಗುಟ್ಟು, ರಾತ್ರಿಯೇ ಜಾಸ್ತಿ, ಕೂಗದೇ ಇರುವುದೂ ಉಂಟು. ಅದಕ್ಕೆ ರಾತ್ರಿ ಒಂದು ಸುತ್ತು ಹಾಕಲೇಬೇಕು. ಹಾಲು ಹೆಚ್ಚು ಕೊಡುವ ಹಸುವಿನ ಬೆದೆ ಚಿಕ್ಕದು, ಕೆಲವೇ ಗಂಟೆ. ಹೆಚ್ಚು ತಿನ್ನುವ ಹಸುವಿನ ಪಿತ್ತಜನಕಾಂಗದಲ್ಲಿ ರಕ್ತದ ಓಡಾಟ ಜಾಸ್ತಿ, ಹಾರ್ಮೋನು ಬೇಗ ಸೋಸಿ ಹೋಗುತ್ತದೆ. ಮೇವಿಗೂ ಗಬ್ಬಕ್ಕೂ ಇರುವ ಈ ನಂಟನ್ನು ಯಾರೂ ಲೆಕ್ಕಕ್ಕೇ ಹಿಡಿಯಲ್ಲ.

ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಸೆಮೆನ್ ಹಾಕಿಸಿ. 1940ರ ದಶಕದಲ್ಲಿ ಅಮೆರಿಕದ ಸಂಶೋಧಕ ಟ್ರಿಂಬರ್ಗರ್ ಮಾಡಿದ ಕೆಲಸದಿಂದ ಬಂದ ಈ ನಿಯಮ ಈಗಲೂ ಕೆಲಸಕ್ಕೆ ಬರುತ್ತದೆ. ಹೆಪ್ಪುಗಟ್ಟಿಸಿದ ಸೆಮೆನ್ ಇರುವ ಕಡ್ಡಿಯನ್ನು 35-37 ಡಿಗ್ರಿ ನೀರಿನಲ್ಲಿ ಕನಿಷ್ಠ 30 ಸೆಕೆಂಡು ಕರಗಿಸಬೇಕು. ಜೇಬಿನಲ್ಲಿಟ್ಟು ಕರಗಿಸುವುದು ನೋಡಿದರೆ ತಡೆಯಿರಿ. ಸೆಮೆನ್ ಹಾಕುವವರು, ಹೋರಿ, ಎರಡೂ ಗುಂಪಿಗೆ ಸಮನಾಗಿ ಹಂಚಿರಲಿ. ಒಬ್ಬರು ಒಂದು ಗುಂಪಿಗೆ, ಇನ್ನೊಬ್ಬರು ಇನ್ನೊಂದಕ್ಕೆ ಅಂತಾದರೆ ನೀವು ಪರೀಕ್ಷಿಸಿದ್ದು ಮೇವನ್ನಲ್ಲ, ಕೈಯನ್ನು.

ಸೆಮೆನ್ ಹಾಕಿದ ಮೇಲೆ ಮೇವು ತಟ್ಟನೆ ಬದಲಿಸಬೇಡಿ. ಅಂಡಾಣು ಫಲಿಸುವುದು ಹತ್ತರಲ್ಲಿ ಎಂಟೊಂಬತ್ತು ಸಲ. ಆಮೇಲಿನ ಎರಡು ಮೂರು ವಾರದಲ್ಲಿ ಭ್ರೂಣ ಸಾಯುವುದೇ ಹೆಚ್ಚು. 16ನೇ ದಿನದ ಆಸುಪಾಸಿನಲ್ಲಿ ಭ್ರೂಣ ಒಂದು ಸಂಕೇತ ಕಳಿಸಿ "ನಾನಿದ್ದೇನೆ" ಅನ್ನಬೇಕು, ಇಲ್ಲದಿದ್ದರೆ ಗರ್ಭಕೋಶ ಮುಂದಿನ ಬೆದೆಗೆ ತಯಾರಾಗುತ್ತದೆ. ಈ ಹೊತ್ತಿನಲ್ಲಿ ಕಡಸುಗಳ ಮೇವು ಒಮ್ಮೆಲೇ ಕಡಿತ ಮಾಡಿದ ಪ್ರಯೋಗಗಳಲ್ಲಿ ಉಳಿದ ಭ್ರೂಣಗಳು ಬಹಳ ಕಡಿಮೆ. ಕುರಿಯಲ್ಲಿ ಅತಿಯಾಗಿ ತಿನ್ನಿಸಿದರೂ ಗಬ್ಬ ಉಳಿಸುವ ಹಾರ್ಮೋನು ಪ್ರೊಜೆಸ್ಟೆರಾನ್ ಇಳಿಯುತ್ತದೆ. ಟಗರು ಬಿಟ್ಟಾದ ಮೇಲೆ ಮೊದಲ ತಿಂಗಳು ಮಾಮೂಲಿ ಮೇವು ಸಾಕು.

ಹಂತ 9: ಗಬ್ಬ ನೋಡುವುದು

ಎರಡು ಸಲ ನೋಡಿ. ಹಸುವಿಗೆ ಸ್ಕ್ಯಾನ್ 30ನೇ ದಿನ ಒಮ್ಮೆ, 60ನೇ ದಿನ ಇನ್ನೊಮ್ಮೆ. ನಡುವೆ ಜಾರಿದವು ಎಷ್ಟು ಅನ್ನುವುದೂ ಒಂದು ಫಲಿತಾಂಶ. ಕುರಿ, ಮೇಕೆಯಲ್ಲಿ ಮರಿ ಎಷ್ಟಿದೆ ಎಣಿಸಲು 45ರಿಂದ 90 ದಿನದ ನಡುವೆ ಸ್ಕ್ಯಾನ್ ಮಾಡಿಸಿ. ನೋಡುವವರಿಗೆ ಗುಂಪು ಯಾವುದೆಂದು ಹೇಳಬೇಡಿ, ಕಿವಿಯ ಓಲೆಯ ನಂಬರ್ ಮಾತ್ರ ಕೊಡಿ.

ಹಂತ 10: ಲೆಕ್ಕ

ಶುರುಮಾಡುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದಿಡಿ: ಮುಖ್ಯ ಅಳತೆ ಯಾವುದು, ಎಷ್ಟು ಪ್ರಾಣಿ, ಯಾವತ್ತು ನಿಲ್ಲಿಸುತ್ತೇನೆ. ಇದು ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ಬೆದೆಯಲ್ಲಿ ವ್ಯತ್ಯಾಸ ಸಿಗಲಿಲ್ಲ, ಹಾಲು ನೋಡುತ್ತೇವೆ. ಹಾಲಲ್ಲಿ ಇಲ್ಲ, ಕರುವಿನ ತೂಕ ನೋಡುತ್ತೇವೆ. ಇಪ್ಪತ್ತು ಕಡೆ ಹುಡುಕಿದರೆ ಎಲ್ಲೋ ಒಂದು ಕಡೆ ಸುಮ್ನೆ ಆಕಸ್ಮಿಕವಾಗಿಯೇ ಏನೋ ಸಿಕ್ಕುತ್ತದೆ. ಮಧ್ಯದಲ್ಲಿ ಚೆನ್ನಾಗಿ ಕಂಡಿತು ಅಂತ ಅಲ್ಲಿಗೇ ನಿಲ್ಲಿಸುವುದೂ ಇದೇ ಥರದ ಮೋಸ.

ಹೊಸ ಮೇವಿನ ಗುಂಪಿನ ಹಸುವೊಂದು ಕಾಯಿಲೆ ಬಿದ್ದು ಗಬ್ಬ ನಿಲ್ಲಲಿಲ್ಲ ಅಂದರೆ ಅದನ್ನು ಲೆಕ್ಕದಿಂದ ಕಿತ್ತುಹಾಕಬೇಡಿ, ಚೀಟಿ ಬಂದ ಗುಂಪಿನಲ್ಲೇ ಇರಲಿ. ಕಾಯಿಲೆ ಮೇವಿನಿಂದಲೇ ಬಂದಿರಬಹುದಲ್ಲ. ಮೊದಲ ಬೆದೆಯ ದಿನಗಳಿಗೆ ಸರಾಸರಿ ಹಾಕುವಾಗಲೂ ಹುಷಾರು. ಬೆದೆಗೆ ಬಾರದೇ ಉಳಿದವನ್ನು ಬಿಟ್ಟು ಸರಾಸರಿ ತೆಗೆದರೆ ಕೆಟ್ಟ ಗುಂಪೇ ಚೆನ್ನಾಗಿ ಕಾಣಬಹುದು. "60ನೇ ದಿನದೊಳಗೆ ಬೆದೆ ಕಂಡವು ಎಷ್ಟು" ಅಂತ ಕೇಳಿದರೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಗಬ್ಬದ ಪ್ರಮಾಣವೇ ಬೇಕು ಅನ್ನುವವರಿಗೆ ಒಂದು ದಾರಿ ಇದೆ. ಹಲವು ಹಿಂಡಿನವರು ಸೇರಿ, ಒಂದೇ ಹಾಳೆಯ ನಿಯಮ ಇಟ್ಟುಕೊಂಡು, ಪ್ರತಿ ಹಿಂಡಿನೊಳಗೇ ಚೀಟಿ ಎತ್ತಿ ಎರಡು ಗುಂಪು ಮಾಡಿ. ಒಂದು ಹಿಂಡಿಗೆ ಪೂರ್ತಿ ಹೊಸ ಮೇವು, ಇನ್ನೊಂದು ಹಿಂಡಿಗೆ ಪೂರ್ತಿ ಹಳೇ ಮೇವು ಬೇಡ. ಎರಡು ಮೂರು ವರ್ಷಕ್ಕೆ ನೂರಾರು ಹಸುಗಳ ಲೆಕ್ಕ ಕೂಡಿಬರುತ್ತದೆ.

ಡೈರಿಯಲ್ಲಿ ಪ್ರತಿ ಪ್ರಾಣಿಗೆ ಒಂದು ಪುಟ: ಈದ ದಿನ, ಮಾಸು ಬಿದ್ದದ್ದು 24 ಗಂಟೆಯೊಳಗೋ ಹೊರಗೋ, ಎರಡು ವಾರಕ್ಕೊಮ್ಮೆ ಮೈಕಟ್ಟು, ಬೆದೆಯ ದಿನಗಳು, ಸೆಮೆನ್ ಹಾಕಿದವರು, ಹೋರಿ, ಎರಡು ಸ್ಕ್ಯಾನ್. ಪುಟದ ಅಂಚಿನಲ್ಲಿ ಬೇರೆ ಏನೇ ನಡೆದರೂ ಒಂದು ಸಾಲು ಬರೆಯಿರಿ, ಮಳೆ, ಬಿಸಿಲು, ನೀರಿನ ಪಂಪ್ ಕೆಟ್ಟಿದ್ದು, ಮೇವು ಹಾಕುವವರು ರಜೆ ಹಾಕಿದ್ದು. ನನ್ನ ಹಳೇ ಡೈರಿಯಲ್ಲಿ ಕೆಲಸಕ್ಕೆ ಬಂದ ಸಾಲುಗಳೆಲ್ಲ ಆ ಅಂಚಿನಲ್ಲೇ ಇದ್ದವು.